ಮುದ್ದುಗೊಂಬೆಗಳ ಆರೈಕೆ

ಜರ್ಮನಿಯ ಗೀಂಗೆನ್ ಊರಿನ ಮಾರ್ಗರೆಟೆ ಷ್ಟೈಫ್ ಎಂಬಾಕೆಯು ಬಾಲ್ಯದಲ್ಲಿಯೇ ಪೋಲಿಯೋ ರೋಗದಿಂದ ಕಾಲುಗಳ ಬಲವನ್ನು ಕಳೆದುಕೊಂಡಳು, ಬಲಗೈಯೂ ದುರ್ಬಲವಾಯಿತು. ಆದಾಗ್ಯೂ ಹೊಲಿಗೆಯನ್ನು ಕಲಿತು, 1880ರಲ್ಲಿ ಸೂಜಿ ಚುಚ್ಚಿಡುವುದಕ್ಕಾಗಿ ಬಟ್ಟೆಯ ಪುಟ್ಟ ಆನೆಯನ್ನು ಮಾಡಿದಳು. ಮಕ್ಕಳಿಗೆ ಅದೇ ಆಟದ ಗೊಂಬೆಯಾಯಿತು. 1902ರಲ್ಲಿ ಆಕೆಯ ಸೋದರಳಿಯನಾದ ರಿಚರ್ಡನು ಕೈಕಾಲಾಡಿಸುವ ಕರಡಿಯನ್ನು ರೂಪಿಸಿದನು. ಇಂಥ ಹಳೆಯ ಗೊಂಬೆಗಳನ್ನು ಅನೇಕರು ಈಗ ಆಸ್ಥೆಯಿಂದ ಸಂಗ್ರಹಿಸುತ್ತಾರೆ.

ಅವುಗಳೊಳಗೆ ಎಳೆಯೆಳೆಯಾಗಿ ಹೆರೆದ ಮರವನ್ನು ತುಂಬಿರುವುದುಂಟು. ಆದಕಾರಣ ನೀರಿನಲ್ಲಿ ಮುಳುಗಿಸಕೂಡದು. ಮೃದುವಾದ ಬ್ರಷ್ಷಿನಿಂದ ಧೂಳನ್ನು ತೆಗೆದು, ಸಾಬೂನಿನ ನೊರೆಯಿಂದ ಮೇಲೆಮೇಲೆ ಒರಸಿ, ನೆರಳಿನಲ್ಲಿ ಆರಿಸಬೇಕು. ಬಿಚ್ಚಿದ ಅಂಚುಗಳನ್ನು ಒಳಮಡಿಚಿ, ದಾರವು ಕಾಣದಂತೆ ಹೊಲಿಯಬೇಕು. ಮಗುವಿನ ಮುದ್ದಿನಿಂದ ಸವೆದ ಮೂಗನ್ನು ಹಾಗೆಯೇ ಬಿಡುವುದು ಲೇಸು. ಮಾತಾಪಿತೃಗಳಿಗೆ ನಾವು ಹೇಳುವುದಿಷ್ಟೇ: ಹರಿದ ಗೊಂಬೆಯನ್ನು ಬಿಸಾಡುವುದಕ್ಕೆ ಮುಂಚೆ ಮಗಳ ಕೈಗೆ ಸೂಜಿದಾರವನ್ನು ಕೊಟ್ಟು ನೋಡಿರಿ.