ಮನೆಯಂಗಳದಲ್ಲಿ ಆಟೋ ಎತ್ತುವಾಗ



ಈ ತಿಂಗಳ ಸಭೆಗೆ ಸ್ವಲ್ಪ ಬೇರೆ ತರಹದ ಪಾಠ. ಎರೆಗೊಬ್ಬರ, ಹೈನುಗಾರಿಕೆ, ರಕ್ತಹೀನತೆ, ಮಕ್ಕಳ ಚುಚ್ಚುಮದ್ದು ಇವುಗಳ ಬಗ್ಗೆ ಸಾಕಷ್ಟು ಮಾತಾಡಿದ್ದೇವೆ. ಈ ಸಲ ಆಟೋರಿಕ್ಷಾ. "ಅದು ಗಂಡಸರ ವಿಷಯ ಅಲ್ವಾ?" ಅಂತ ಪುಟ ಮಡಚಿಡಬೇಡಿ. ಸಂಘದ ಆಂತರಿಕ ಸಾಲದಿಂದಲೋ ಬ್ಯಾಂಕ್ ಸಾಲದಿಂದಲೋ ಮನೆಗೆ ಆಟೋ ತಂದವರು ನಮ್ಮಲ್ಲಿ ಹಲವರಿದ್ದಾರೆ. ಕೆಲವರು ತಾವೇ ಓಡಿಸುತ್ತಾರೆ. ಹೊಂಡ ತುಂಬಿದ ರಸ್ತೆಯಲ್ಲಿ ಓಡಿ ಓಡಿ ಶಾಕ್‌ಅಬ್ಸಾರ್ಬರ್ ಹೋದಾಗ (ಗ್ಯಾರೇಜಿನಲ್ಲಿ ಇದಕ್ಕೆ ಶಾಕಪ್ ಅನ್ನುತ್ತಾರೆ) ಕೂಲಿ ಉಳಿಸಲು ಮನೆಯಲ್ಲೇ ಬದಲಾಯಿಸುವವರೂ ಇದ್ದಾರೆ.

ಕಳೆದ ಮಳೆಗಾಲದ ಒಂದು ಭಾನುವಾರ, ಪೂಜೆ ಮುಗಿದ ಮೇಲೆ, ಉಳಿತಾಯದ ಪುಸ್ತಕ ನೋಡೋಣ ಅಂತ ಒಬ್ಬ ಸದಸ್ಯೆಯ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಆಟೋದ ಹಿಂದಿನ ಒಂದು ಚಕ್ರ ಬಿಚ್ಚಿಟ್ಟಿತ್ತು. ಯಜಮಾನರು ಅಡಿಯಲ್ಲಿ ಮಲಗಿದ್ದರು, ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಗಾಡಿಯ ಆ ಬದಿಯ ಭಾರವೆಲ್ಲ ಒಂದು ಜಾಕಿಯ ಮೇಲೆ, ಜಾಕಿ ಒಂದು ಮುರಕಲ್ಲಿನ ಮೇಲೆ, ಕಲ್ಲು ಒದ್ದೆ ಮಣ್ಣಿನ ಮೇಲೆ. ನಮ್ಮ ಸದಸ್ಯೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಟಾರ್ಚ್ ಹಿಡಿದಿದ್ದರು. ನಾನು ಮಾತಾಡಿಸುತ್ತಿದ್ದ ಹಾಗೇ ಕಲ್ಲಿನ ಒಂದು ಮೂಲೆ ಪುಡಿಯಾಗಿ ಉದುರಿತು. ಸದ್ದು ಕೇಳಿ ಯಜಮಾನರು ಹೇಗೋ ಹೊರಗೆ ಉರುಳಿದರು. ಅಷ್ಟರಲ್ಲಿ ಗಾಡಿ ವಾಲಿಕೊಂಡು ಕೂತೇಬಿಟ್ಟಿತು. ಬ್ರೇಕ್ ಡ್ರಮ್ ಮಣ್ಣಿನೊಳಗೆ ಇಳಿದಿತ್ತು. ಯಾರಿಗೂ ಏನೂ ಆಗಲಿಲ್ಲ, ದೇವರ ದಯೆ.

ಆಮೇಲೆ ಚಹಾ ಕುಡಿಯುವಾಗ ಆಕೆ ನನ್ನ ಹತ್ತಿರ ಮೆಲ್ಲಗೆ ಹೇಳಿದರು: "ಕಲ್ಲು ಬಿರುಕು ಬಿಟ್ಟದ್ದು ನಾನು ಮೊದಲೇ ನೋಡಿದ್ದೆ ಅಕ್ಕ. ಇವರಿಗೆ ಗೊತ್ತಿರ್ಬಹುದು ಅಂತ ಸುಮ್ಮನಿದ್ದೆ."

ಆ ಒಂದು ಮಾತಿಗಾಗಿಯೇ ಈ ಪಾಠ. ಅಡಿಯಲ್ಲಿ ಮಲಗಿದವರಿಗೆ ಬೋಲ್ಟು ಮಾತ್ರ ಕಾಣುತ್ತದೆ. ಜಾಕಿ, ಕಲ್ಲು, ಚಕ್ರ, ಮಕ್ಕಳು ಎಲ್ಲ ಕಾಣುವುದು ಹೊರಗೆ ಟಾರ್ಚ್ ಹಿಡಿದು ಕೂತವರಿಗೆ. ಹಾಗಾಗಿ ಏನು ನೋಡಬೇಕು, ಯಾವಾಗ "ನಿಲ್ಲಿಸಿ" ಅನ್ನಬೇಕು ಎಂಬುದು ಆಕೆಗೆ ಗೊತ್ತಿರಲೇಬೇಕು.

ಮೂರು ಕಲ್ಲಿನ ಒಲೆ

ಕಾರಿನ ಒಂದು ಮೂಲೆ ಎತ್ತಿದರೆ ಮೂರು ಚಕ್ರ ನೆಲದಲ್ಲೇ ಇರುತ್ತವೆ. ಆಟೋದ ಕಥೆ ಹಾಗಲ್ಲ. ಇರುವುದೇ ಮೂರು, ಒಂದು ಎತ್ತಿದರೆ ಉಳಿಯುವುದು ಎರಡು. ಮೂರು ಕಲ್ಲಿನ ಒಲೆಯಿಂದ ಒಂದು ಕಲ್ಲು ಎಳೆದರೆ ಪಾತ್ರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎತ್ತಿದ ಮೇಲೆ ಜಾಕಿಯೇ ಆ ಮೂರನೇ ಕಲ್ಲು. ಅದು ಜಾರಿದರೆ ಗಾಡಿ ಯಾವ ಕಡೆ ಬೀಳುತ್ತದೆ? ಎತ್ತಿದ ಕಡೆಗೇ, ಅಂದರೆ ಮನುಷ್ಯ ಮಲಗಿರುವ ಕಡೆಗೇ. ಅತಿಯಾಗಿ ಎತ್ತಿದರೆ ಮಾತ್ರ ಆಚೆ ಬದಿಗೆ ಮಗುಚುತ್ತದೆ.

ಪ್ರಯಾಣಿಕರ ಆಟೋ ಖಾಲಿ ಇದ್ದಾಗಲೇ ಸುಮಾರು 350ರಿಂದ 400 ಕಿಲೋ ತೂಗುತ್ತದೆ. 50 ಕಿಲೋದ ಅಕ್ಕಿ ಮೂಟೆ ಲೆಕ್ಕದಲ್ಲಿ ಏಳೆಂಟು ಮೂಟೆ. ಸಾಮಾನ್ಯವಾಗಿ ಇಂಜಿನ್ ಹಿಂದೆ ಇರುವುದರಿಂದ ಭಾರ ಹೆಚ್ಚು ಬೀಳುವುದೂ ಹಿಂದೆಯೇ. ಎದೆಯ ಮೇಲೆ ಎರಡು ಮೂಟೆ ಬಿದ್ದರೂ ಸಾಕು, ಉಸಿರು ನಿಲ್ಲುತ್ತದೆ.

ಜಾಕಿಯ ಕೆಲಸ ಎತ್ತುವುದು ಅಷ್ಟೇ. ಹೊತ್ತುಕೊಂಡು ನಿಲ್ಲುವುದು ಅದರ ಕೆಲಸವಲ್ಲ. ಎಣ್ಣೆಯ ಜಾಕಿಯ ಒಳಗೆ ಒಂದು ಸಣ್ಣ ರಬ್ಬರ್ ಸೀಲ್ ಇದೆ. ಅದು ಸವೆದರೆ ಜಾಕಿ ನಮಗೆ ಗೊತ್ತಾಗದ ಹಾಗೆ ನಿಧಾನವಾಗಿ ಇಳಿಯುತ್ತದೆ, ಒಮ್ಮೊಮ್ಮೆ ಒಂದೇ ಸಲಕ್ಕೂ ಇಳಿಯುತ್ತದೆ. ತಿರುಗಿಸುವ ಸ್ಕ್ರೂ ಜಾಕಿ ಹಾಗೆ ಇಳಿಯುವುದಿಲ್ಲ, ಆದರೆ ಓರೆಯಾದರೆ ಮಗುಚುತ್ತದೆ. ಎರಡರಲ್ಲಿ ಯಾವುದೇ ಇರಲಿ, ಜಾಕಿ ಒಂದನ್ನೇ ನಂಬಿ ಗಾಡಿಯ ಅಡಿಗೆ ತಲೆ, ಎದೆ, ಕೈ ಯಾವುದನ್ನೂ ಹಾಕಬಾರದು. "ಎರಡೇ ನಿಮಿಷ" ಅಂದರೂ ಬೇಡ.

ಎತ್ತುವ ಮೊದಲು

ಮೊದಲು ಜಾಗ. ಮಟ್ಟವಾದ ಗಟ್ಟಿ ನೆಲ ಬೇಕು, ಸಿಮೆಂಟ್ ಹಾಕಿದ ಅಂಗಳವಾದರೆ ಒಳ್ಳೆಯದು. ಮಳೆ ಬಂದು ಮೆತ್ತಗಾದ ಮಣ್ಣು, ಸಗಣಿ ಸಾರಿಸಿದ ನೆಲ, ಇಳಿಜಾರು ಬೇಡ. ಮಣ್ಣಿನ ಅಂಗಳವೇ ಇರುವುದು ಅನ್ನುವವರು ಒಣಗಿದ ದಿನ ನೋಡಿ, ಜಾಕಿಯ ಕೆಳಗೆ ಅಗಲದ ದಪ್ಪ ಹಲಗೆ ಹಾಕಿ. ಕತ್ತಲಲ್ಲಿ ಈ ಕೆಲಸ ಬೇಡ. ಟಾರ್ಚ್ ಹಿಡಿದರೆ ಬೆಳಕು ಬಿದ್ದಷ್ಟೇ ಜಾಗ ಕಾಣುತ್ತದೆ, ಉಳಿದದ್ದು ಕಾಣುವುದಿಲ್ಲ.

ಆಮೇಲೆ ಚಕ್ರಗಳಿಗೆ ಅಡ್ಡ ಕೊಡಬೇಕು. "ಹ್ಯಾಂಡ್ ಬ್ರೇಕ್ ಹಾಕಿದೀನಿ, ಗೇರಲ್ಲೂ ಇದೆ" ಅನ್ನುತ್ತಾರೆ. ಸಾಲದು. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ಅದರಲ್ಲಿ ಒಂದು ಗಾಳಿಯಲ್ಲಿದೆ. ಗೇರ್ ಹಿಡಿಯುವುದೂ ಅವನ್ನೇ. ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಇರುವುದರಿಂದ ಎತ್ತಿದ ಚಕ್ರ ಸುಮ್ಮನೆ ತಿರುಗುತ್ತದೆ, ನೆಲದ ಚಕ್ರ ಗೇರಿನ ಹಿಡಿತಕ್ಕೆ ಸಿಗದೆ ಉರುಳಬಹುದು. ಹಾಗಾಗಿ ನೆಲದಲ್ಲಿ ಉಳಿಯುವ ಎರಡೂ ಚಕ್ರಗಳಿಗೆ ಮುಂದೆ ಒಂದು, ಹಿಂದೆ ಒಂದು ಅಂತ ಮರದ ಆಪು ಅಥವಾ ಚಪ್ಪಟೆ ತಳದ ಕಲ್ಲು ಒತ್ತಿ ಕೊಡಿ. ಗುಂಡು ಕಲ್ಲು ಬೇಡ, ಅದೂ ಉರುಳುತ್ತದೆ. ಮುಂದಿನ ಚಕ್ರ ಎತ್ತುವುದಾದರೆ ಹಿಂದಿನ ಎರಡಕ್ಕೂ ಹೀಗೆಯೇ. ಹ್ಯಾಂಡಲ್ ನೇರವಾಗಿರಲಿ.

ಚಕ್ರದ ನಟ್ಟುಗಳನ್ನು ಎತ್ತುವ ಮೊದಲೇ ಅರ್ಧ ಸುತ್ತು ಸಡಿಲಿಸಿಕೊಳ್ಳಬೇಕು. ಎತ್ತಿದ ಮೇಲೆ ಸ್ಪಾನರ್ ಮೇಲೆ ಕಾಲಿಟ್ಟು ತುಳಿದರೆ ಗಾಡಿಯೇ ಅಲುಗಾಡುತ್ತದೆ. ತುಕ್ಕು ಹಿಡಿದ ಶಾಕಪ್ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ. ಗಾಡಿ ಎತ್ತಿರುವಾಗ ಸುತ್ತಿಗೆಯಲ್ಲಿ ಜೋರಾಗಿ ಬಡಿಯುವುದು ಅಪಾಯ, ಅದೇ ಬಡಿತಕ್ಕೆ ಜಾಕಿ ಜಾರುತ್ತದೆ.

ಆಸರೆ ಯಾವುದರದ್ದು?

ಮುರಕಲ್ಲು, ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕ್ ಇವುಗಳಿಂದ ಮನೆ ಕಟ್ಟುತ್ತೇವಲ್ಲ, ಆಟೋ ನಿಲ್ಲುವುದಿಲ್ಲವಾ ಅಂತ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಗೋಡೆಯಲ್ಲಿ ಭಾರ ಇಡೀ ಕಲ್ಲಿನ ಮೇಲೆ ಸಮನಾಗಿ ಹರಡುತ್ತದೆ. ಇಲ್ಲಿ ಕಬ್ಬಿಣದ ಒಂದು ಅಂಚು ಒಂದೇ ಜಾಗದಲ್ಲಿ ಒತ್ತುತ್ತದೆ. ಕಲ್ಲು ಬಗ್ಗುವುದಿಲ್ಲ, ಮುನ್ಸೂಚನೆ ಕೊಡದೆ ಒಡೆಯುತ್ತದೆ. ಗಟ್ಟಿ ಮರ ಒಡೆಯುವ ಮೊದಲು ಜಜ್ಜುತ್ತದೆ, ಕಿರ್ ಅನ್ನುತ್ತದೆ, ನಮಗೆ ಹೊರಗೆ ಬರಲು ಸಮಯ ಕೊಡುತ್ತದೆ.

ಕಬ್ಬಿಣದ ಸ್ಟ್ಯಾಂಡ್ ಸಿಕ್ಕಿದರೆ ಅದೇ ಉತ್ತಮ. ಸಂಘದ ನಾಲ್ಕೈದು ಮನೆಯಲ್ಲಿ ಆಟೋ ಇದ್ದರೆ ಒಂದು ಜೊತೆ ಸ್ಟ್ಯಾಂಡನ್ನು ಸಂಘದ ಹೆಸರಲ್ಲೇ ತಂದಿಟ್ಟುಕೊಳ್ಳಬಹುದು, ಶಾಮಿಯಾನದ ಪಾತ್ರೆ ತಂದಿಟ್ಟ ಹಾಗೆ. ಇಲ್ಲದಿದ್ದರೆ ಹಲಸು, ಮತ್ತಿಯಂತಹ ಗಟ್ಟಿ ಮರದ ಚೌಕ ತುಂಡುಗಳು. ಹಳೆಯ ದಾರಂದದ ತುಂಡೂ ಆಗುತ್ತದೆ, ಗೆದ್ದಲು ಹಿಡಿದಿರಬಾರದು, ಬಿರುಕು ಇರಬಾರದು. ನಾಲ್ಕಿಂಚು ದಪ್ಪ, ಒಂದೂವರೆ ಅಡಿ ಉದ್ದ ಇರಲಿ. ಎರಡು ತುಂಡು ಹೀಗೆ, ಅದರ ಮೇಲೆ ಎರಡು ಅಡ್ಡಕ್ಕೆ, ಮತ್ತೆ ಎರಡು ಹೀಗೆ ಅಂತ ಅಟ್ಟಿ ಕಟ್ಟಬೇಕು. ಅಟ್ಟಿಯ ಎತ್ತರ ಮರದ ಉದ್ದಕ್ಕಿಂತ ಹೆಚ್ಚಾಗದಿರಲಿ.

ಜಾಕಿಯನ್ನು ತಗಡಿನ ಕೆಳಗೆ ಕೊಡಬಾರದು, ತಗಡು ಬಗ್ಗಿ ಜಾಕಿ ತೂರುತ್ತದೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ತೋರಿಸಿದ ಜಾಗ, ಇಲ್ಲವೇ ಚಾಸಿಯ ಗಟ್ಟಿ ಅಡ್ಡಪಟ್ಟಿ ನೋಡಿ ಕೊಡಿ. ಪುಸ್ತಕ ಕಳೆದಿದ್ದರೆ ಮೆಕ್ಯಾನಿಕ್ ಹತ್ತಿರ ಒಮ್ಮೆ ಕೇಳಿ ಸುಣ್ಣದಲ್ಲಿ ಗುರುತು ಹಾಕಿಸಿಕೊಳ್ಳಿ. ಬ್ಯಾಟರಿ ಆಟೋ ಆದರೆ ಬ್ಯಾಟರಿ ಪೆಟ್ಟಿಗೆಗೆ ಜಾಕಿ ತಾಗಲೇಬಾರದು.

ಜಾಕಿ ಒಂದಿಂಚು ಏರಿದರೆ ಮರವೂ ಒಂದಿಂಚು ಏರಲಿ. ಚಕ್ರ ನೆಲದಿಂದ ಎರಡು ಬೆರಳು ಬಿಟ್ಟರೆ ಸಾಕು. ನಂತರ ಜಾಕಿಯನ್ನು ಸ್ವಲ್ಪ ಇಳಿಸಿ ಭಾರ ಪೂರ್ತಿ ಮರದ ಅಟ್ಟಿಯ ಮೇಲೆ ಕೂರುವಂತೆ ಮಾಡಿ, ಜಾಕಿಯನ್ನು ತೆಗೆಯದೆ ತಾಗಿಸಿಯೇ ಇಡಿ. ಬಿಚ್ಚಿದ ಚಕ್ರ ಅಥವಾ ಸ್ಟೆಪ್ನಿಯನ್ನು ಗಾಡಿಯ ಅಡಿಗೆ ಅಡ್ಡ ಮಲಗಿಸಿ, ಎಲ್ಲ ಕೈಕೊಟ್ಟರೂ ಅಷ್ಟು ಜಾಗ ಉಳಿಯುತ್ತದೆ. ಇಷ್ಟಾದ ಮೇಲೆ ಹೊರಗೆ ನಿಂತು ಗಾಡಿಯನ್ನು ಕೈಯಲ್ಲಿ ಅಲುಗಾಡಿಸಿ ನೋಡಿ. ಅಲುಗಿದರೆ ಇಳಿಸಿ ಮೊದಲಿನಿಂದ ಮಾಡಿ. ಬೇಸರ ಆಗುತ್ತದೆ, ನನಗೂ ಗೊತ್ತು.

ಶಾಕಪ್ ಬಿಚ್ಚುವಾಗ ಇನ್ನೊಂದು ವಿಷಯ. ಚಕ್ರ ಕೂರುವ ಕಬ್ಬಿಣದ ತೋಳನ್ನು ಶಾಕಪ್ಪೇ ಹಿಡಿದಿರುತ್ತದೆ. ಬೋಲ್ಟು ತೆಗೆದ ತಕ್ಷಣ ತೋಳು ಧಡ್ ಅಂತ ಕೆಳಗೆ ಬೀಳಬಹುದು, ಬ್ರೇಕಿನ ಪೈಪ್ ಎಳೆದು ಕೀಳಬಹುದು. ಗಾಡಿಯ ಮೈಗೆ ಒಂದು ಆಸರೆ, ತೋಳಿಗೆ ಬೇರೆಯೇ ಒಂದು ಆಸರೆ ಕೊಡಿ. ಸ್ಪ್ರಿಂಗನ್ನು ಶಾಕಪ್ಪಿನಿಂದ ಬಿಡಿಸುವ ಕೆಲಸ ಮನೆಯಲ್ಲಿ ಖಂಡಿತ ಬೇಡ. ಒತ್ತಿಹಿಡಿದ ಸ್ಪ್ರಿಂಗ್ ಚಿಮ್ಮಿದರೆ ದವಡೆ ಒಡೆಯುತ್ತದೆ. ಅದಕ್ಕೆ ಗ್ಯಾರೇಜಿನಲ್ಲಿ ಬೇರೆ ಸಾಧನ ಇದೆ, ಆ ಕೂಲಿ ಕೊಡಿ.

ಸ್ಟ್ಯಾಂಡಿನಲ್ಲಿ ನಾಲ್ಕು ಜನ ಸೇರಿ ಆಟೋವನ್ನು ಪಕ್ಕಕ್ಕೆ ವಾಲಿಸಿ ಹಿಡಿಯುತ್ತಾರಲ್ಲ, ಅದನ್ನು ನೋಡಿ ಮನೆಯಲ್ಲಿ ಹೆಂಡತಿ, ಮಗನನ್ನು ಕರೆದು ಹಿಡಿಸುವವರಿದ್ದಾರೆ. ಒಬ್ಬರ ಕೈ ಜಾರಿದರೆ ಉಳಿದವರಿಂದ ತಡೆಯಲಾಗದು. ಪೆಟ್ರೋಲ್ ಸೋರುತ್ತದೆ, ಬ್ಯಾಟರಿಯ ಆಸಿಡ್ ಚೆಲ್ಲುತ್ತದೆ. ಗ್ಯಾಸ್ ಗಾಡಿಯನ್ನಂತೂ ವಾಲಿಸಲೇಬೇಡಿ. ಅಂಗಳದಲ್ಲಿ ಒಲೆ ಹೊತ್ತಿದ್ದರೆ ಆರಿಸಿ, ಬೀಡಿಯೂ ಬೇಡ.

ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ?

ಗಾಡಿ ಒತ್ತಿ ಬಿಟ್ಟಾಗ ಒಮ್ಮೆ ಮೇಲೆ ಬಂದು ನಿಲ್ಲಬೇಕು. ಮೂರು ನಾಲ್ಕು ಸಲ ಕುಣಿದರೆ, ಶಾಕಪ್ ಮೇಲೆ ಎಣ್ಣೆ ಸೋರಿದ ಗುರುತಿದ್ದರೆ ಬದಲಾಯಿಸುವ ಕಾಲ ಬಂತು. ಆ ಮಾದರಿಗೆ ಹೇಳಿದ್ದನ್ನೇ, ಹಿಂದಿನ ಎರಡೂ ಬದಿಗೆ ಒಟ್ಟಿಗೆ ಹಾಕಿ. "ಗಟ್ಟಿದು ಹಾಕಿದ್ರೆ ಜಾಸ್ತಿ ಜನ ಕೂರಿಸ್ಬಹುದು" ಅನ್ನುವವರ ಮಾತು ಕೇಳಬೇಡಿ. ಸ್ಪ್ರಿಂಗ್ ಗಟ್ಟಿಯಾದರೆ ಬ್ರೇಕ್ ಗಟ್ಟಿಯಾಗುವುದಿಲ್ಲ, ಗಾಡಿ ಎತ್ತರವಾದಷ್ಟೂ ತಿರುವಿನಲ್ಲಿ ಮಗುಚುವುದು ಸುಲಭ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್.ಸಿ.ಯಲ್ಲಿರುವ ವಿವರ ತಯಾರಕರ ಮೂಲ ನಮೂನೆಗಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಅಪಘಾತವಾದರೆ ವಿಮೆಯವರು ಕೇಳುವುದೂ ಇದನ್ನೇ. ಸಾಲ ಇನ್ನೂ ತೀರಿರುವುದಿಲ್ಲ, ನೆನಪಿರಲಿ.

ಕೆಲಸ ಮುಗಿದ ಮೇಲೆ ನಟ್ಟುಗಳನ್ನು ಒಂದರ ನಂತರ ಎದುರಿನದು ಅನ್ನುವ ಹಾಗೆ ಕೈಯಲ್ಲಿ ಕೂರಿಸಿ, ಅಡಿಯಿಂದ ಎಲ್ಲವನ್ನೂ ತೆಗೆದು ಗಾಡಿ ಇಳಿಸಿ, ನೆಲದ ಮೇಲೆಯೇ ಪೂರ್ತಿ ಬಿಗಿಮಾಡಿ. ಬ್ರೇಕ್ ತುಳಿದು ನೋಡಿ. ಖಾಲಿ ಗಾಡಿ ನಿಧಾನಕ್ಕೆ ಸ್ವಲ್ಪ ದೂರ ಓಡಿಸಿ ಬಂದು ನಟ್ಟುಗಳನ್ನು ಮತ್ತೊಮ್ಮೆ ನೋಡಿ.

ಹೊರಗೆ ಕೂತವರ ಕೆಲಸ

ಸೆರಗು ಸಿಕ್ಕಿಸಿಕೊಳ್ಳಿ. ಮಗುವನ್ನು ಅತ್ತೆಯ ಹತ್ತಿರವೋ ಪಕ್ಕದ ಮನೆಯಲ್ಲೋ ಬಿಡಿ. ಎತ್ತಿದ ಬದಿಗೆ ಒರಗಿ ಕೂರಬೇಡಿ, ಒಂದು ಮಾರು ದೂರ, ಜಾಕಿ ಮತ್ತು ಮರ ಎರಡೂ ಕಾಣುವಲ್ಲಿ ಕೂರಿ. ಜಾಕಿ ಓರೆಯಾಯಿತೇ, ಅದರ ಬುಡದಲ್ಲಿ ಎಣ್ಣೆ ಕಂಡಿತೇ, ಹಲಗೆ ಮಣ್ಣಿಗೆ ಇಳಿಯಿತೇ, ಕಿರ್ ಅಂದಿತೇ, ಕೂಡಲೇ "ರೀ, ಹೊರಗೆ ಬನ್ನಿ" ಅನ್ನಿ. ಕಾರಣ ಆಮೇಲೆ ಹೇಳಿದರಾಯಿತು. ಹಾಗೆ ಕರೆದರೆ ತಕ್ಷಣ ಬರಬೇಕು, ಯಾಕೆ ಅಂತ ಒಳಗಿನಿಂದ ಕೇಳಬಾರದು ಅನ್ನುವುದನ್ನು ಕೆಲಸ ಶುರು ಮಾಡುವ ಮೊದಲೇ ಇಬ್ಬರೂ ಮಾತಾಡಿಕೊಂಡಿರಿ. ಸುಳ್ಳು ಹೆದರಿಕೆ ಆದರೂ ಪರವಾಗಿಲ್ಲ.

ಒಂದು ವೇಳೆ ಬಿದ್ದೇಬಿಟ್ಟರೆ ಅಡಿಯಲ್ಲಿದ್ದವರನ್ನು ಕೈಕಾಲು ಹಿಡಿದು ಎಳೆಯಬೇಡಿ. ಕೂಗಿ ಜನ ಸೇರಿಸಿ, ಒಬ್ಬರು 108ಕ್ಕೆ ಫೋನ್ ಮಾಡಲಿ. ಆರೆಂಟು ಜನ ಒಟ್ಟಿಗೆ ಲೆಕ್ಕ ಹೇಳಿ ಗಾಡಿಯನ್ನು ನೇರ ಮೇಲಕ್ಕೆ ಎತ್ತಬಹುದು. ಎತ್ತಿದ ಕೂಡಲೇ ಒಬ್ಬರು ಮರ ತುರುಕಲಿ, ಆಮೇಲೆ ಮನುಷ್ಯರನ್ನು ಅಲುಗಾಡಿಸದೆ ಹೊರಗೆ ತನ್ನಿ. ಎದ್ದು ಕೂತು "ಏನೂ ಆಗಿಲ್ಲ" ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೊಟ್ಟೆಯ ಒಳಗಿನ ಪೆಟ್ಟು ಕೂಡಲೇ ಕಾಣುವುದಿಲ್ಲ.

ಸಭೆಯಲ್ಲಿ ಮಾಡಲು: ಆಟೋ ಇರುವ ಸದಸ್ಯೆಯರು ಮುಂದಿನ ವಾರ ಮನೆಯ ಜಾಕಿಯನ್ನು ಸಭೆಗೆ ತನ್ನಿ. ಒಂದೊಂದನ್ನೂ ಕಾಗದದ ಮೇಲೆ ಇಟ್ಟು, ಸಭೆ ಮುಗಿಯುವಾಗ ಎಣ್ಣೆ ಸೋರಿದೆಯೇ ನೋಡಿ. ಗಟ್ಟಿ ಮರದ ತುಂಡು ಯಾರ ಮನೆಯಲ್ಲಿದೆ, ಹತ್ತಿರದ ಮರದ ಮಿಲ್ಲಿನಲ್ಲಿ ಸಿಗುತ್ತದೆಯೇ ವಿಚಾರಿಸಿ. ಸ್ಟ್ಯಾಂಡ್ ತರುವುದಾದರೆ ಯಾರ ಮನೆಯಲ್ಲಿಡುವುದು, ಯಾರು ಲೆಕ್ಕ ಇಡುವುದು ಎಂಬುದನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ.