ನೇತ್ರಾಣಿ ನಡುಗಡ್ಡೆ: ಪ್ರವಾಸದ ಒಂದು ಪಾಠ

'ದೇಶ ಸುತ್ತಿ ನೋಡು, ಕೋಶ ಓದಿ ನೋಡು' ಎಂಬುದು ನಮ್ಮ ಹಿರಿಯರ ಮಾತು. ಈ ಎರಡು ಕಾರ್ಯಗಳನ್ನು ಬೇರೆ ಬೇರೆಯೆಂದು ತಿಳಿಯುವುದೇ ನಮ್ಮಲ್ಲಿ ರೂಢಿಯಾಗಿದೆ. ಓದುವುದು ಶಾಲೆಯಲ್ಲಿ, ಸುತ್ತುವುದು ರಜೆಯಲ್ಲಿ ಎಂದು ವಿದ್ಯಾರ್ಥಿಗಳು ಭಾವಿಸುತ್ತಾರೆ. ಪೋಷಕರೂ ಹಾಗೆಯೇ ಭಾವಿಸುತ್ತಾರೆ. ಆದರೆ ಓದದೆ ಸುತ್ತಿದವನಿಗೆ ಊರುಗಳ ಹೆಸರಷ್ಟೇ ನೆನಪಿನಲ್ಲಿ ಉಳಿಯುತ್ತವೆ. ಕಡಲಿನಂಥ ಸ್ಥಳದಲ್ಲಿ ಓದದೆ ಹೋದವನು ಪ್ರಾಣಕ್ಕೂ ಅಪಾಯ ತಂದುಕೊಳ್ಳಬಹುದು. ಆದುದರಿಂದ ಪಡುವಣ ಕಡಲ ತೀರದ ಮುರುಡೇಶ್ವರವನ್ನೂ ಅದರ ಎದುರಿಗಿರುವ ನೇತ್ರಾಣಿ ದ್ವೀಪವನ್ನೂ ಕುರಿತು ಈ ಪಾಠವನ್ನು ಬರೆಯುತ್ತಿದ್ದೇವೆ.

ಇದಕ್ಕೆ ಒಂದು ಕಾರಣವುಂಟು. ನಮ್ಮ ಶಾಲೆಯಲ್ಲಿ ಓದಿ ಈಗ ಕಾಲೇಜು ಸೇರಿರುವ ಹುಡುಗನೊಬ್ಬನು ಕಳೆದ ಜನವರಿಯಲ್ಲಿ ಮೂವರು ಗೆಳೆಯರೊಡನೆ ಅಲ್ಲಿಗೆ ಹೋಗಿಬಂದನು. ಬಂದ ಮೇಲೆ ಹತ್ತನೆಯ ತರಗತಿಯ ಮಕ್ಕಳ ಮುಂದೆ ನಿಂತು, ತಾನು ಕಂಡುದನ್ನೆಲ್ಲ ವಿವರಿಸಿದನು. ಮಕ್ಕಳು ಕೇಳಿದ ಪ್ರಶ್ನೆಗಳು ಒಂದು ಗಂಟೆಯ ಕಾಲದಲ್ಲಿ ಮುಗಿಯಲಿಲ್ಲ. ಉಳಿದ ಉತ್ತರಗಳನ್ನು ಇಲ್ಲಿ ಹೇಳಬೇಕಾಗಿದೆ.

೧. ನಮ್ಮ ನಡಿಗಡ್ಡೆ

ಮಲ್ದಕಲ್ಲಿನ ಮಕ್ಕಳು ಕಡಲನ್ನು ಕಂಡವರಲ್ಲ. ಆದರೆ ನಡುಗಡ್ಡೆ ಎಂಬ ಶಬ್ದವು ಅವರಿಗೆ ಹೊಸದಲ್ಲ. ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ, ಇವೆರಡರ ನಡುವಿನ ನಮ್ಮ ಗದ್ವಾಲ ಸೀಮೆಯನ್ನು ತೆಲುಗಿನವರು 'ನಡಿಗಡ್ಡ' ಎಂದೇ ಕರೆಯುತ್ತಾರೆ. ಕನ್ನಡದಲ್ಲಿ ನಡುಗಡ್ಡೆಯೆಂದರೆ ಸುತ್ತಲೂ ನೀರಿರುವ ನೆಲ. ನಮ್ಮ ಸೀಮೆಗೆ ಸುತ್ತಲೂ ನೀರಿಲ್ಲ, ಎರಡು ಕಡೆ ಮಾತ್ರ ಉಂಟು. ಆದರೂ ಹೆಸರು ಸಲ್ಲುತ್ತದೆ.

ಕೃಷ್ಣೆಯ ಜನ್ಮಸ್ಥಾನವನ್ನು ನಕಾಶೆಯಲ್ಲಿ ಹುಡುಕಿರಿ. ಮಹಾರಾಷ್ಟ್ರದ ಮಹಾಬಲೇಶ್ವರದ ಬಳಿ ಅವಳು ಹುಟ್ಟುತ್ತಾಳೆ. ಅಲ್ಲಿಂದ ಅರಬ್ಬೀ ಸಮುದ್ರವು ಕೇವಲ 64 ಕಿಲೋಮೀಟರು ದೂರ. ಆದರೂ ಸಹ್ಯಾದ್ರಿಯು ಅಡ್ಡವಿರುವುದರಿಂದ ಅವಳು ಮೂಡಣಕ್ಕೆ ತಿರುಗಿ, ಸುಮಾರು 1,400 ಕಿಲೋಮೀಟರು ಹರಿದು, ನಮ್ಮ ನೆಲವನ್ನು ತೊಯ್ಯಿಸಿ, ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಮುಂಗಾರಿನ ಮೋಡಗಳು ಪಡುವಣ ಕಡಲಿನಿಂದಲೇ ನೀರನ್ನು ಹೊತ್ತು ತಂದು ಸಹ್ಯಾದ್ರಿಯ ಮೇಲೆ ಸುರಿಸುತ್ತವೆ. ಎಂದರೆ ಜುರಾಲದ ಅಣೆಕಟ್ಟಿನಲ್ಲಿ ನಾವು ಕಾಣುವ ನೀರು ಹಿಂದೊಮ್ಮೆ ಬಹುಮಟ್ಟಿಗೆ ಆ ಕಡಲಿನದೇ ಆಗಿತ್ತು. ಕಡಲಿಗೂ ನಮಗೂ ಸಂಬಂಧವೇನು ಎಂದು ಕೇಳುವವರಿಗೆ ಇದೇ ಉತ್ತರ.

೨. ಹಾದಿಯ ಪಾಠ

ಇಲ್ಲಿಂದ ಮುರುಡೇಶ್ವರಕ್ಕೆ ಸುಮಾರು 600 ಕಿಲೋಮೀಟರಿನ ಪ್ರಯಾಣ. ಗದ್ವಾಲ, ರಾಯಚೂರು, ಸಿಂಧನೂರು, ಗಂಗಾವತಿ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ, ಕುಮಟಾ, ಹೊನ್ನಾವರ: ಇದು ನಮ್ಮ ಹುಡುಗನು ಬಸ್ಸಿನಲ್ಲಿ ಹೋದ ಹಾದಿ. ಸಿಂಧನೂರಿನ ಭತ್ತದ ಗದ್ದೆಗಳು ತುಂಗಭದ್ರೆಯ ಎಡದಂಡೆ ಕಾಲುವೆಯ ಫಲ. ಗದಗು ಹುಬ್ಬಳ್ಳಿಗಳ ಸುತ್ತ ಎರೆಭೂಮಿ. ಹುಬ್ಬಳ್ಳಿಯನ್ನು ದಾಟಿದ ಮೇಲೆ ನೀರಿನ ದಿಕ್ಕೇ ಬದಲಾಗುತ್ತದೆ. ಧಾರವಾಡದ ಬಳಿ ಹುಟ್ಟುವ ಶಾಲ್ಮಲೆಯು ಬೇಡ್ತಿಯಾಗಿ, ಗಂಗಾವಳಿಯಾಗಿ, ಪಡುವಣ ಕಡಲಿಗೆ ಹರಿಯುತ್ತದೆ. ಯಲ್ಲಾಪುರದಾಚೆ ಅರಬೈಲು ಘಟ್ಟವನ್ನು ಇಳಿಯುವಾಗ ಎರಡು ಕಡೆಯೂ ದಟ್ಟವಾದ ಕಾಡು.

ಘಟ್ಟದ ಕೆಳಗೆ ಮನೆಗಳ ರೂಪವೇ ಬೇರೆ. ನಮ್ಮಲ್ಲಿ ಮಾಳಿಗೆಯ ಮನೆ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸುತ್ತೇವೆ, ಬೇಸಗೆಯಲ್ಲಿ ಮಲಗುತ್ತೇವೆ. ಅಲ್ಲಿ ಕಡಿದಾದ ಇಳಿಜಾರಿನ ಹೆಂಚಿನ ಮಾಡು, ಕೆಂಪು ಚಿರೆಕಲ್ಲಿನ ಗೋಡೆ. ಕಾರಣವನ್ನು ಮಳೆಯ ಲೆಕ್ಕವೇ ಹೇಳುತ್ತದೆ. ನಮ್ಮ ಸೀಮೆಯಲ್ಲಿ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆಯಾದರೆ, ಆ ತೀರದಲ್ಲಿ 3,000 ಮಿಲಿಮೀಟರಿಗೂ ಮಿಕ್ಕು ಸುರಿಯುತ್ತದೆ. ಅಷ್ಟು ನೀರನ್ನು ಮಾಳಿಗೆಯು ತಡೆಯಲಾರದು.

ಇನ್ನೊಂದು ಸಂಗತಿಯನ್ನು ಹುಡುಗನು ಸಂತೋಷದಿಂದ ಹೇಳಿದನು. ಅಂಗಡಿಯಲ್ಲಿಯೂ ದೋಣಿಯಲ್ಲಿಯೂ ಅವನ ಮಾತು ಕೇಳಿದವರು, "ಯಾವ ಊರಪ್ಪಾ?" ಎಂದು ವಿಚಾರಿಸಿದರಂತೆ. ತೆಲಂಗಾಣವೆಂದಾಗ, "ಅಲ್ಲಿಯೂ ಕನ್ನಡ ಶಾಲೆಯುಂಟೋ!" ಎಂದು ಬೆರಗಾದರಂತೆ. ಮಾತಿನ ರಾಗ ಬೇರೆ, ಭಾಷೆ ಒಂದೇ. ಕೃಷ್ಣೆಯ ದಂಡೆಯಲ್ಲಿ ಕಲಿತ ಅಕ್ಷರಗಳು ಕಡಲ ದಂಡೆಯ ವರೆಗೂ ಜತೆಯಲ್ಲಿ ಬರುತ್ತವೆ.

೩. ಮುರುಡೇಶ್ವರ

ಮುರುಡೇಶ್ವರವು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿಗೆ ಸೇರಿದ ಊರು. ಕಂದುಕಗಿರಿಯೆಂಬ ಗುಡ್ಡವು ಕಡಲಿನೊಳಕ್ಕೆ ಚಾಚಿಕೊಂಡಿದ್ದು, ಅದರ ಮೂರು ಕಡೆಯೂ ನೀರು. ಗುಡ್ಡದ ಮೇಲೆ ಶಿವನ ದೇವಾಲಯ. ಅದರ ಹಿಂದೆ 123 ಅಡಿ ಎತ್ತರದ ಶಿವನ ಮೂರ್ತಿ. ಮುಂದೆ ಇಪ್ಪತ್ತು ಅಂತಸ್ತಿನ ರಾಜಗೋಪುರ. ಗೋಕರ್ಣದ ಆತ್ಮಲಿಂಗದ ಕಥೆಯಲ್ಲಿ, ಲಿಂಗದ ಮೇಲಿನ ವಸ್ತ್ರವು ಬಂದು ಬಿದ್ದ ಸ್ಥಳವಿದೆಂದು ಪ್ರತೀತಿ. ದಕ್ಷಿಣದ ಭಟ್ಕಳವು ವಿಜಯನಗರದ ಕಾಲದಲ್ಲಿ ದೊಡ್ಡ ಬಂದರಾಗಿತ್ತು. ಅರಬ್ಬೀ ಕುದುರೆಗಳು ಅಲ್ಲಿ ಇಳಿದು ಘಟ್ಟವನ್ನೇರಿ ರಾಜಧಾನಿಗೆ ಹೋಗುತ್ತಿದ್ದುವು. ನಮ್ಮ ದೋಆಬಿಗಾಗಿ ನಡೆದ ಯುದ್ಧಗಳನ್ನು ಇತಿಹಾಸದಲ್ಲಿ ಓದುವಾಗ ಈ ಬಂದರುಗಳನ್ನೂ ನೆನೆಯಬೇಕು.

ತೀರದಲ್ಲಿ ನಿಂತವನು ಮೊದಲು ಗಮನಿಸಬೇಕಾದುದು ಉಬ್ಬರ ಮತ್ತು ಇಳಿತ. ಚಂದ್ರನ ಆಕರ್ಷಣೆಯಿಂದ, ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಸೂರ್ಯನ ಆಕರ್ಷಣೆಯಿಂದ, ಕಡಲಿನ ನೀರು ಏರುತ್ತದೆ, ಇಳಿಯುತ್ತದೆ. ಸುಮಾರು 24 ಗಂಟೆ 50 ನಿಮಿಷಗಳಲ್ಲಿ ಎರಡು ಉಬ್ಬರ, ಎರಡು ಇಳಿತ. ಆದುದರಿಂದ ಇಂದಿನ ಉಬ್ಬರದ ವೇಳೆಯು ನಾಳೆಗೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಉಬ್ಬರ ಹೆಚ್ಚು. ಬೆಳಗ್ಗೆ ನಡೆದುಹೋದ ಬಂಡೆಯು ಮಧ್ಯಾಹ್ನ ನೀರಿನ ನಡುವೆ ಇರಬಹುದು.

೪. ಹಿಂದಕ್ಕೆಳೆಯುವ ನೀರು

ಈಗ ಪೋಷಕರೂ ಮಕ್ಕಳೂ ಒಟ್ಟಿಗೆ ಕುಳಿತು ಓದಬೇಕಾದ ಭಾಗಕ್ಕೆ ಬರುತ್ತೇವೆ.

2024ರ ಡಿಸೆಂಬರ್ ತಿಂಗಳಿನಲ್ಲಿ ಕೋಲಾರ ಜಿಲ್ಲೆಯ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇದೇ ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು. ಅವರೂ ನಮ್ಮ ಮಕ್ಕಳಂತೆ ಒಳನಾಡಿನ ಮಕ್ಕಳು. ಆ ಮನೆಗಳ ದುಃಖವನ್ನು ಮಾತಿನಲ್ಲಿ ಹೇಳಲಾಗದು. ಆದರೆ ಆ ದುಃಖದಿಂದ ನಾವು ಕಲಿಯದಿದ್ದರೆ ಅದು ಇನ್ನೊಂದು ತಪ್ಪಾದೀತು.

ಅಲೆಗಳು ನೀರನ್ನು ದಡಕ್ಕೆ ತಳ್ಳುತ್ತವೆಯಷ್ಟೆ. ಹಾಗೆ ಬಂದ ನೀರು ಹಿಂದಿರುಗಲೇಬೇಕು. ಅದು ಎಲ್ಲ ಕಡೆಯೂ ಸಮನಾಗಿ ಹಿಂದಿರುಗುವುದಿಲ್ಲ. ಮರಳಿನಲ್ಲಿ ತಗ್ಗಿರುವ ಕಡೆ ಒಟ್ಟುಗೂಡಿ, ಕಿರಿದಾದ ಕಾಲುವೆಯಂತೆ, ರಭಸದಿಂದ ಕಡಲಿಗೆ ಓಡುತ್ತದೆ. ಇದೇ ಸೆಳವು. ಸೆಳವಿರುವ ಕಡೆ ಅಲೆಗಳು ಕಡಮೆ ಒಡೆಯುವುದರಿಂದ ಆ ನೀರು ಶಾಂತವಾಗಿ ಕಾಣುತ್ತದೆ. ಅನುಭವವಿಲ್ಲದವರು ಶಾಂತವಾದ ನೀರನ್ನೇ ಆರಿಸಿಕೊಂಡು ಇಳಿಯುತ್ತಾರೆ, ಅಲ್ಲಿಯೇ ಮೋಸಹೋಗುತ್ತಾರೆ.

ನಮ್ಮ ಹುಡುಗನ ಗೆಳೆಯನೊಬ್ಬನು ಬಾವಿಯಲ್ಲಿ ಈಜು ಕಲಿತವನು. ಸಂಜೆ ಅವನು ಅಂಥದೇ ಒಂದು ಸ್ಥಳದಲ್ಲಿ ಇಳಿಯಲು ಹೊರಟಾಗ, ಮೀನಿನ ಬುಟ್ಟಿಯನ್ನು ಹೊತ್ತು ಬರುತ್ತಿದ್ದ ಮುದುಕಿಯೊಬ್ಬಳು, "ತಮಾ, ಅಲ್ಲಿ ಬೇಡ. ನೀರು ಸುಮ್ಮನೆ ಕಂಡರೂ ಎಳೀತದೆ" ಎಂದು ತಡೆದಳಂತೆ. ಗೆಳೆಯನು, "ನನಗೆ ಈಜು ಬರುತ್ತದಜ್ಜಿ" ಎಂದನು. "ಬಾವಿ ಹಿಡ್ಕೊಂಡು ಹೋಗೂದಿಲ್ಲ, ಕಡಲು ಹಿಡ್ಕೊಂಡು ಹೋಗ್ತದೆ" ಎಂದು ಹೇಳಿ, ಅವನು ಹಿಂದಕ್ಕೆ ಬರುವವರೆಗೂ ಅಲ್ಲಿಯೇ ನಿಂತಳಂತೆ. ಆ ಮಾತನ್ನು ನಮ್ಮ ಮಕ್ಕಳು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬಹುದು.

ಸೆಳವಿಗೆ ಸಿಕ್ಕಿದವನು ನೇರವಾಗಿ ದಡದ ಕಡೆಗೆ ಈಜಲು ಯತ್ನಿಸಬಾರದು; ನೀರಿನ ಬಲ ಹೆಚ್ಚು, ಮನುಷ್ಯನ ಬಲ ಕಡಮೆ. ಗಾಬರಿಗೊಳ್ಳದೆ ತೇಲಬೇಕು, ಕೈಯೆತ್ತಿ ಸಹಾಯ ಕೇಳಬೇಕು, ಈಜಬಲ್ಲವನು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳವಿನಿಂದ ಹೊರಬಿದ್ದು, ಆಮೇಲೆ ದಡಕ್ಕೆ ತಿರುಗಬೇಕು. ದಡದಲ್ಲಿರುವ ಗೆಳೆಯರು ಒಬ್ಬರ ಹಿಂದೊಬ್ಬರು ನೀರಿಗೆ ಹಾರಬಾರದು. ಒಬ್ಬನನ್ನು ಉಳಿಸಲು ಹೋಗಿ ಹಲವರು ಹೋದ ನಿದರ್ಶನಗಳು ಅನೇಕ. ಹಗ್ಗ, ಖಾಲಿ ಡಬ್ಬಿ, ತೇಲುವ ಯಾವುದನ್ನಾದರೂ ಎಸೆದು, ಜೀವರಕ್ಷಕರನ್ನು ಕೂಗಬೇಕು. ಅಂಥ ವೇಳೆಯಲ್ಲಿ ನಿಜವಾದ ಸ್ನೇಹವೆಂದರೆ ಇದೇ.

೫. ನೇತ್ರಾಣಿ

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ಕಡಲಿನೊಳಗೆ ನೇತ್ರಾಣಿ ದ್ವೀಪವಿದೆ. ಬಂಡೆಗಳಿಂದ ಸುತ್ತುವರಿದ, ಮೇಲೆ ಕಾಡು ಬೆಳೆದ, ಜನವಸತಿಯಿಲ್ಲದ ದ್ವೀಪ. ಇದನ್ನು ಪಾರಿವಾಳದ ದ್ವೀಪವೆಂದೂ ಕರೆಯುವುದುಂಟು. ಮಳೆಗಾಲದಲ್ಲಿ ಕಡಲು ಕೆರಳಿರುವುದರಿಂದ ಯಾತ್ರೆಯಿಲ್ಲ.

"ಅಣ್ಣಾ, ದ್ವೀಪದ ಮೇಲೆ ಇಳಿದಿರಾ?" ಎಂದು ಮಕ್ಕಳು ಕೇಳಿದರು. "ಇಲ್ಲಪ್ಪಾ, ದೋಣಿಯಲ್ಲಿಯೇ ಇದ್ದೆವು" ಎಂದನು ಹುಡುಗ. ಮಕ್ಕಳ ಮುಖ ಬಾಡಿತು. ಅವನಿಗೂ ಅಲ್ಲಿ ಮೊದಲು ಹಾಗೆಯೇ ಆಗಿತ್ತಂತೆ. ಆದರೆ ಇಳಿಯದಿರುವುದರಲ್ಲಿಯೇ ದ್ವೀಪದ ಕ್ಷೇಮವಿದೆ. ಅಲ್ಲಿಯ ನಿವಾಸಿಗಳಾರೆಂದು ತಿಳಿದರೆ ಇದು ಸ್ಪಷ್ಟವಾಗುತ್ತದೆ.

ಮೊದಲನೆಯದು ಬಿಳಿಹೊಟ್ಟೆಯ ಕಡಲಹದ್ದು. ಎರಡು ಮೀಟರಿನಷ್ಟು ರೆಕ್ಕೆಗಳ ಹರವುಳ್ಳ ಈ ಹಕ್ಕಿಯು ಮೀನುಗಳನ್ನೂ ಕಡಲಹಾವುಗಳನ್ನೂ ಹಿಡಿದು ತಿನ್ನುತ್ತದೆ. ಎತ್ತರದ ಮರಗಳಲ್ಲಿ ಕಡ್ಡಿಗಳಿಂದ ದೊಡ್ಡ ಗೂಡನ್ನು ಕಟ್ಟಿ, ಅದನ್ನೇ ವರ್ಷವರ್ಷವೂ ದುರಸ್ತಿಮಾಡಿ ಬಳಸುತ್ತದೆ. ಮನುಷ್ಯರ ಗದ್ದಲಕ್ಕೆ ಬೆದರಿ ತಾಯಿಹಕ್ಕಿ ಎದ್ದುಹೋದರೆ ಮೊಟ್ಟೆಗಳೂ ಮರಿಗಳೂ ಬಿಸಿಲಿಗೆ, ಶತ್ರುಗಳಿಗೆ ತುತ್ತಾಗುತ್ತವೆ.

ಎರಡನೆಯದು ಸ್ವಿಫ್ಟ್‌ಲೆಟ್ ಎಂಬ ಗುಬ್ಬಿಗಾತ್ರದ ಹಕ್ಕಿ. ಇದು ಬಂಡೆಯ ಗವಿಗಳಲ್ಲಿ, ತನ್ನ ಜೊಲ್ಲನ್ನೇ ಗಾರೆಯಾಗಿ ಮಾಡಿ, ಗೋಡೆಗೆ ಅರ್ಧ ಬಟ್ಟಲಿನಂಥ ಗೂಡನ್ನು ಅಂಟಿಸುತ್ತದೆ. ಕತ್ತಲೆಯಲ್ಲಿ ಟಿಕ್ ಟಿಕ್ ಎಂದು ಸದ್ದುಮಾಡಿ, ಅದರ ಪ್ರತಿಧ್ವನಿಯಿಂದ ದಾರಿಯನ್ನು ತಿಳಿಯುತ್ತದೆ. ಈ ಕುಲದ ಹಕ್ಕಿಗಳ ಗೂಡುಗಳನ್ನು ಪೂರ್ವದೇಶಗಳಲ್ಲಿ ಸಾರುಮಾಡಿ ಕುಡಿಯುವವರಿರುವುದರಿಂದ ಅವಕ್ಕೆ ಬಹಳ ಬೆಲೆ. ಬೆಲೆಯಿರುವುದರಿಂದ ಕಳ್ಳರೂ ಉಂಟು.

ಮೂರನೆಯವು ನೀರಿನೊಳಗಿನ ಹವಳಗಳು. ಹವಳವು ಕಲ್ಲಲ್ಲ, ಗಿಡವಲ್ಲ. ಸಾವಿರಾರು ಸಣ್ಣ ಪ್ರಾಣಿಗಳ ಸಮೂಹ. ಅವು ಸುಣ್ಣದಂಥ ವಸ್ತುವಿನಿಂದ ಮನೆಗಳನ್ನು ಕಟ್ಟುತ್ತವೆ. ಅವುಗಳ ಮೈಯಲ್ಲಿ ವಾಸಿಸುವ ಸೂಕ್ಷ್ಮ ಪಾಚಿಗೆ ಸೂರ್ಯನ ಬೆಳಕು ಬೇಕು. ಆದುದರಿಂದ ತಿಳಿನೀರು ಬೇಕು. ತೀರದ ಬಳಿ ನದಿಗಳು ಮಳೆಗಾಲದಲ್ಲಿ ಕೆಸರನ್ನು ತರುತ್ತವೆ. ದೂರದ ನೇತ್ರಾಣಿಯ ನೀರು ಅದಕ್ಕಿಂತ ತಿಳಿ. ಬಣ್ಣಬಣ್ಣದ ಮೀನುಗಳು ಹವಳದ ಸಂದುಗಳಲ್ಲಿ ವಾಸಮಾಡುತ್ತವೆ. ಮುಳುಗುವವನ ಕಾಲು ತಗುಲಿದರೆ ಎಷ್ಟೋ ವರ್ಷ ಬೆಳೆದುದು ಕ್ಷಣದಲ್ಲಿ ಮುರಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯನ್ನು 2001ರಲ್ಲಿ ಹವಳಗಳಿಗೂ, ಮೀನುಗಳಲ್ಲೆಲ್ಲ ದೊಡ್ಡದಾದ ತಿಮಿಂಗಿಲ ಶಾರ್ಕಿಗೂ ವಿಸ್ತರಿಸಲಾಯಿತು.

ದ್ವೀಪದ ಕಾಡಿನಲ್ಲಿ ಆಡುಗಳೂ ಇವೆ. ಮೀನುಗಾರರು ಅಲ್ಲಿಯ ದೈವಕ್ಕೆ ಹರಕೆಯಾಗಿ ಬಿಟ್ಟವು ಅವು. ಹಿಂದಿನ ದಶಕಗಳಲ್ಲಿ ನೌಕಾಪಡೆಯು ಈ ದ್ವೀಪವನ್ನು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದುದೂ, ಹಕ್ಕಿಗಳ ಮತ್ತು ಹವಳಗಳ ಹೆಸರಿನಲ್ಲಿ ಅದಕ್ಕೆ ವಿರೋಧ ಬಂದುದೂ ಉಂಟು. ದೇಶದ ರಕ್ಷಣೆಯೂ ಬೇಕು, ಹಕ್ಕಿಯ ಗೂಡೂ ಬೇಕು. ಇವೆರಡನ್ನೂ ಹೊಂದಿಸುವುದು ನಾಳೆ ಪ್ರಜೆಗಳಾಗುವ ನಿಮ್ಮ ಹೊಣೆ.

೬. ಪಾಠದ ಸಾರ

ಇದನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ: ಕಡಲಿನಿಂದ ನಮ್ಮನ್ನು ಕಾಪಾಡಿಕೊಳ್ಳಬೇಕು, ನಮ್ಮಿಂದ ದ್ವೀಪವನ್ನು ಕಾಪಾಡಬೇಕು. ಮೊದಲನೆಯದಕ್ಕೆ ಬೇಕಾದುದು ತಿಳಿವಳಿಕೆ. ಎರಡನೆಯದಕ್ಕೆ ಬೇಕಾದುದು ಸಂಯಮ. ಎರಡನ್ನೂ ಹೊರಡುವ ಮೊದಲೇ ಕಟ್ಟಿಕೊಳ್ಳಬೇಕು, ಬುತ್ತಿಯಂತೆ.

ಗೆಳೆಯರೊಡನೆ ಹೊರಡುವವರು ಮನೆಯಲ್ಲಿ ಹಾದಿಯನ್ನೂ ತಂಗುವ ಸ್ಥಳವನ್ನೂ ತಿಳಿಸಿ ಹೋಗಲಿ. ದೋಣಿಯಲ್ಲಿ ತೇಲುವ ಅಂಗಿಯನ್ನು ಮೊದಲಿನಿಂದ ಕೊನೆಯ ವರೆಗೆ ತೊಟ್ಟಿರಲಿ. ಧ್ವಜವನ್ನೂ ಜೀವರಕ್ಷಕರ ಮಾತನ್ನೂ ಸ್ಥಳದ ಹಿರಿಯರ ಮಾತನ್ನೂ ಮೀರದಿರಲಿ. ಕಪ್ಪೆಚಿಪ್ಪಾಗಲಿ ಹವಳದ ಚೂರಾಗಲಿ ತರದಿರಲಿ, ಪ್ಲಾಸ್ಟಿಕ್ಕನ್ನು ಬಿಟ್ಟುಬರದಿರಲಿ. ಪೋಷಕರಲ್ಲಿ ನಮ್ಮ ವಿಜ್ಞಾಪನೆಯೂ ಒಂದುಂಟು. ಭಯದಿಂದ ಮಕ್ಕಳನ್ನು ಮನೆಯಲ್ಲಿಯೇ ಕೂಡಿಹಾಕಬೇಡಿರಿ. ತಿಳಿಸಿ ಕಳುಹಿಸಿರಿ. ಬಂದ ಮೇಲೆ ಕುಳ್ಳಿರಿಸಿಕೊಂಡು, ಏನನ್ನು ಕಂಡೆ, ಏನನ್ನು ಕಲಿತೆ ಎಂದು ಕೇಳಿರಿ.

ಅಭ್ಯಾಸ

1. ಕೃಷ್ಣೆಯು ಪಡುವಣ ಕಡಲಿಗೆ ಹತ್ತಿರದಲ್ಲಿ ಹುಟ್ಟಿಯೂ ಮೂಡಣ ಕಡಲನ್ನು ಸೇರಲು ಕಾರಣವೇನು? ನಕಾಶೆ ಬರೆದು ತೋರಿಸಿರಿ.
2. ಇಂದು ಬೆಳಗ್ಗೆ 9 ಗಂಟೆಗೆ ಉಬ್ಬರವಾದರೆ ಮೂರು ದಿನಗಳ ಅನಂತರ ಬೆಳಗಿನ ಉಬ್ಬರವು ಸುಮಾರು ಎಷ್ಟು ಗಂಟೆಗೆ ಆದೀತು?
3. ಸೆಳವಿರುವ ನೀರು ಶಾಂತವಾಗಿ ಕಾಣುವುದೇಕೆ? ಅದಕ್ಕೆ ಸಿಕ್ಕಿದವನು ಏನು ಮಾಡಬೇಕು? ಮನೆಯಲ್ಲಿ ತಮ್ಮ ತಂಗಿಯರಿಗೆ ವಿವರಿಸಿರಿ.
4. ದ್ವೀಪದ ಮೇಲೆ ಇಳಿಯದೆ ಬಂದ ಯಾತ್ರೆಯು ನಿಷ್ಫಲವೇ? ನಿಮ್ಮ ಅಭಿಪ್ರಾಯವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.