ಸರ್ವರ್ ಪ್ರೊಸೆಸರ್: ಕಲ್ಪನೆಯಿಂದ ಬಳಕೆಯವರೆಗೆ

ರೈಲ್ವೆ ಮುಂಗಡ ಟಿಕೆಟು, ಬ್ಯಾಂಕುಗಳ ಲೆಕ್ಕಪತ್ರ, ಹವಾಮಾನದ ಮುನ್ಸೂಚನೆ ಮುಂತಾದ ಸೇವೆಗಳೆಲ್ಲವೂ ಹಗಲಿರುಳು ದುಡಿಯುವ ಗಣಕಯಂತ್ರಗಳನ್ನು ಅವಲಂಬಿಸಿವೆ. ಸರ್ವರ್ ಎಂದು ಕರೆಯಲಾಗುವ ಈ ಯಂತ್ರಗಳ ಹೃದಯವೇ ಪ್ರೊಸೆಸರ್. ಅಂಗೈಯಲ್ಲಿ ಅಡಗುವ ಈ ಬಿಲ್ಲೆಯನ್ನು ಹೊಸದಾಗಿ ರೂಪಿಸಲು ಸಾಮಾನ್ಯವಾಗಿ ನಾಲ್ಕೈದು ವರ್ಷಗಳು ಬೇಕಾಗುತ್ತವೆ. ಇಷ್ಟು ದೀರ್ಘ ಕಾಲವೇಕೆ?

ಕಾರ್ಯದ ಹಂತಗಳು

ಪ್ರೊಸೆಸರು ಯಾವ ಆದೇಶಗಳನ್ನು ಪಾಲಿಸಬೇಕು, ಎಷ್ಟು ವಿದ್ಯುತ್ತನ್ನು ಬಳಸಬಹುದು ಎಂಬುದನ್ನು ಮೊದಲು ನಿರ್ಧರಿಸಲಾಗುತ್ತದೆ. ಅನಂತರ ಅದರ ತರ್ಕರಚನೆಯನ್ನು ಬರೆದು, ಗಣಕಯಂತ್ರದಲ್ಲಿಯೇ ಅನುಕರಿಸಿ ಪರೀಕ್ಷಿಸಲಾಗುತ್ತದೆ. ಬಳಿಕ ಕೋಟ್ಯಂತರ ಟ್ರಾನ್ಸಿಸ್ಟರುಗಳ ಸ್ಥಾನವನ್ನು ಗುರುತಿಸಿ, ನಕ್ಷೆಯನ್ನು ಕಾರ್ಖಾನೆಗೆ ಕಳುಹಿಸಲಾಗುತ್ತದೆ. ಸಿಲಿಕಾನ್ ಬಿಲ್ಲೆ ಸಿದ್ಧವಾಗಿ ಬರಲು ಹಲವು ತಿಂಗಳು ಹಿಡಿಯುತ್ತದೆ. ದೋಷ ಕಂಡುಬಂದರೆ ನಕ್ಷೆಯನ್ನು ತಿದ್ದಿ ಮತ್ತೆ ತಯಾರಿಸಬೇಕು.

ಪರೀಕ್ಷೆಯಲ್ಲಿ ಅವಸರ ಸಲ್ಲದು. 1994ರಲ್ಲಿ ಇಂಟೆಲ್ ಸಂಸ್ಥೆಯ ಪೆಂಟಿಯಮ್ ಪ್ರೊಸೆಸರಿನ ಭಾಗಾಕಾರದಲ್ಲಿ ದೋಷವೊಂದು ಬೆಳಕಿಗೆ ಬಂದಿತು. ಅದರಿಂದ ಸಂಸ್ಥೆಗೆ ತಗಲಿದ ವೆಚ್ಚ 47.5 ಕೋಟಿ ಡಾಲರ್.

ಎರಡು ನಿದರ್ಶನಗಳು

ಎ.ಎಂ.ಡಿ. ಸಂಸ್ಥೆಯು 2012ರಲ್ಲಿ ಜೆನ್ ಎಂಬ ಹೊಸ ವಿನ್ಯಾಸವನ್ನು ಆರಂಭಿಸಿತು. ಅದನ್ನು ಆಧರಿಸಿದ ಎಪಿಕ್ ಸರ್ವರ್ ಪ್ರೊಸೆಸರ್ ಬಿಡುಗಡೆಯಾದದ್ದು 2017ರ ಜೂನ್‌ನಲ್ಲಿ. ಈ ಶ್ರಮವು ಫಲಿಸಿತು.

ಇಂಟೆಲ್ ಮತ್ತು ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಗಳು 1994ರಲ್ಲಿ ಸಹಭಾಗಿತ್ವವನ್ನು ಘೋಷಿಸಿ ರೂಪಿಸಿದ ಇಟಾನಿಯಮ್ 2001ರಲ್ಲಿ ಮಾರುಕಟ್ಟೆಗೆ ಬಂದಿತು. ಹಳೆಯ ತಂತ್ರಾಂಶಗಳು ಅದರಲ್ಲಿ ವೇಗವಾಗಿ ನಡೆಯಲಿಲ್ಲ. 2003ರಲ್ಲಿ ಎ.ಎಂ.ಡಿ.ಯ ಆಪ್ಟರಾನ್ ಹಳೆಯ ತಂತ್ರಾಂಶಗಳನ್ನೂ ಚೆನ್ನಾಗಿ ನಡೆಸುತ್ತ 64 ಬಿಟ್‌ಗಳ ಸೌಲಭ್ಯವನ್ನು ನೀಡಿತು. ಇಟಾನಿಯಮ್‌ನ ಸರಬರಾಜು 2021ರಲ್ಲಿ ಕೊನೆಗೊಂಡಿತು. ಐದಾರು ವರ್ಷಗಳ ಮುಂದಿನ ಅಗತ್ಯವನ್ನು ಇಂದೇ ಊಹಿಸಬೇಕಾಗಿರುವುದೇ ಈ ಕಾರ್ಯದ ನಿಜವಾದ ಕಷ್ಟ.

ನಮ್ಮ ದೇಶದಲ್ಲಿ

ಪುಣೆಯ ಸಿ-ಡ್ಯಾಕ್ ಸಂಸ್ಥೆಯು 1991ರಲ್ಲಿ ನಿರ್ಮಿಸಿದ ಪರಮ್ 8000 ಮಹಾಗಣಕದಲ್ಲಿ ಬಳಸಿದ ಪ್ರೊಸೆಸರುಗಳು ವಿದೇಶದವು. ಅನಂತರದ ವರ್ಷಗಳಲ್ಲಿ ಸಿ-ಡ್ಯಾಕ್‌ನ ವೇಗಾ, ಮದರಾಸು ಐ.ಐ.ಟಿ.ಯ ಶಕ್ತಿ ಎಂಬ ಸ್ವದೇಶಿ ವಿನ್ಯಾಸಗಳು ರೂಪುಗೊಂಡಿವೆ. ಇಂತಹ ಕಾರ್ಯದ ಫಲವನ್ನು ಒಂದೆರಡು ವರ್ಷಗಳಲ್ಲಿ ಅಳೆಯಲಾಗದು. ನುರಿತ ತಜ್ಞರು, ನಿರಂತರ ಧನಸಹಾಯ ಮತ್ತು ತಾಳ್ಮೆ ಈ ಮೂರೂ ಕೂಡಿದಾಗಲೇ ಅದು ಸಫಲವಾಗುತ್ತದೆ.